ಡೈ ಬಿಟ್ಟು ನರೆಗೂದಲಿಗೆ ಮರಳುವವರಿಗೆ ಎಸ್.ಎಸ್. ಪುರಂನ ಒಂದು ಪಾರ್ಲರ್

ತುಮಕೂರಿನಲ್ಲಿ ಕೂದಲಿಗೆ ಬಣ್ಣ ಹಚ್ಚುವ ಪಾರ್ಲರುಗಳಿಗೆ ಕೊರತೆಯಿಲ್ಲ. ಆದರೆ ವರ್ಷಗಟ್ಟಲೆ ಹಚ್ಚಿದ ಬಣ್ಣವನ್ನು ಬಿಟ್ಟು ಸಹಜ ಕೂದಲಿಗೆ ಮರಳಬೇಕೆನ್ನುವವರಿಗೆ ಸರಿಯಾದ ದಾರಿ ಹೇಳುವ ಜಾಗ ಅಪರೂಪ. ಎಸ್.ಎಸ್. ಪುರಂನ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ, ಮನೆಯೊಂದರ ಮಹಡಿಯ ಮೇಲೆ ನಡೆಯುವ ಮಹಿಳೆಯರ ಪುಟ್ಟ ಪಾರ್ಲರ್ ಅಂಥದ್ದು. ನಲವತ್ತಕ್ಕೆ ಮೊದಲೇ ಶುರುವಾಗಿದ್ದ ನನ್ನ ಡೈ ಹಚ್ಚುವ ಅಭ್ಯಾಸವನ್ನು ನಿವೃತ್ತಿ ಸಮೀಪಿಸಿದಾಗ ನಿಲ್ಲಿಸಿದೆ. ಅಂದಿನಿಂದ ಇಡೀ ತಲೆ ಬೆಳ್ಳಗಾಗುವವರೆಗೆ ಈ ಪಾರ್ಲರಿಗೇ ಹೋಗುತ್ತಿದ್ದೇನೆ.

ಮೊದಲ ಭೇಟಿಯಲ್ಲೇ ನನ್ನ ವಿಶ್ವಾಸ ಗಳಿಸಿದ್ದು ಅದನ್ನು ನಡೆಸುವ ಹೆಣ್ಣುಮಗಳ ನೇರ ಮಾತು. ಅದಕ್ಕೆ ಮುಂಚೆ ಬೇರೊಂದು ದೊಡ್ಡ ಸಲೂನಿನಲ್ಲಿ ವಿಚಾರಿಸಿದಾಗ, ಒಂದೇ ದಿನದಲ್ಲಿ ಹಳೆಯ ಬಣ್ಣ ತೆಗೆದು ‘ಒರಿಜಿನಲ್ ಕಲರ್’ ತಂದುಕೊಡುವುದಾಗಿ ಹೇಳಿದ್ದರು. ಈಕೆ ಮಾತ್ರ ನನ್ನ ಬೈತಲೆಯನ್ನು ಬಾಚಣಿಗೆಯ ತುದಿಯಿಂದ ಬಿಡಿಸಿ ನೋಡುತ್ತಲೇ, “ಮೇಡಂ, ಡೈ ಕೂತಿರೋ ಕೂದಲಿಗೆ ಅದರ ಹಳೇ ಬಣ್ಣ ವಾಪಸ್ ಬರಲ್ಲ. ಬುಡದಿಂದ ಹೊಸದು ಬೆಳೀಬೇಕು, ತುದಿಯದನ್ನ ಕತ್ತರಿಸ್ತಾ ಬರಬೇಕು. ಅಲ್ಲೀವರೆಗೂ ನೋಡೋಕೆ ಚೆನ್ನಾಗಿರೋ ಹಾಗೆ ಮಾಡೋದಷ್ಟೇ ನಮ್ಮ ಕೆಲಸ” ಎಂದರು. ಹಣ ಮಾಡಿಕೊಳ್ಳಬೇಕೆಂದಿದ್ದರೆ ಬೇರೆ ಮಾತು ಆಡಬಹುದಿತ್ತು.

ಅವರು ಹೇಳಿದ್ದು ಶಾಸ್ತ್ರೀಯವಾಗಿಯೂ ಸರಿ. ಶಾಶ್ವತ ಡೈಯಲ್ಲಿರುವ ಅಮೋನಿಯಾದಂತಹ ಕ್ಷಾರ ಕೂದಲಿನ ಹೊರಪದರವನ್ನು ಸಡಿಲಗೊಳಿಸುತ್ತದೆ. ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ, ಡೈಗೆ ಬಣ್ಣ ಕೊಡುವ ರಾಸಾಯನಿಕ) ಮೊದಲಾದವುಗಳ ಸಣ್ಣ ಕಣಗಳು ಒಳಹೊಕ್ಕು, ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಅಲ್ಲೇ ಒಂದಕ್ಕೊಂದು ಬೆಸೆದುಕೊಂಡು ದೊಡ್ಡದಾಗುತ್ತವೆ. ಆದ್ದರಿಂದಲೇ ಎಷ್ಟು ತೊಳೆದರೂ ಬಣ್ಣ ಹೊರಬರುವುದಿಲ್ಲ. ಅದೇ ಪೆರಾಕ್ಸೈಡ್ ಕೂದಲಿಗೆ ಸಹಜ ಬಣ್ಣ ಕೊಡುವ ಮೆಲನಿನ್ನನ್ನೂ ಅಷ್ಟಿಷ್ಟು ಅಳಿಸಿರುವುದರಿಂದ, ಡೈಯನ್ನು ಹೇಗೋ ತೆಗೆದರೂ ಅಡಿಯಲ್ಲಿ ಸಿಗುವುದು ನಮ್ಮ ಹುಟ್ಟು ಬಣ್ಣವಲ್ಲ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಿಂದ 1.25 ಸೆಂಟಿಮೀಟರ್‌ವರೆಗೆ ಮಾತ್ರ ಬೆಳೆಯುತ್ತದೆ. ಭುಜ ಮುಟ್ಟುವ ಕೂದಲು ಪೂರ್ತಿ ಹೊಸದಾಗಲು ಎರಡು ವರ್ಷವಾದರೂ ಬೇಕು. ಸೊಂಟ ಮುಟ್ಟುವ ಜಡೆಯಿದ್ದವರು ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದರೆ ಇನ್ನೂ ಬಹುಕಾಲ ಕಾಯಬೇಕಾಗುತ್ತದೆ.

ಅವರ ಕೆಲಸದಲ್ಲಿ ನಾನು ಅತ್ಯಂತ ಗೌರವಿಸುವುದು ಪರೀಕ್ಷೆ ಮಾಡದೆ ಮುಂದುವರಿಯದ ಶಿಸ್ತನ್ನು. ನಾನು ಕೆಲವು ವರ್ಷ ಅಂಗಡಿಯ ಸ್ಯಾಶೆ ಪುಡಿ, ಕೆಲವು ವರ್ಷ ‘ಕಪ್ಪು ಮೆಹಂದಿ’, ನಡುವೆ ಕ್ರೀಮ್ ಡೈ ಬಳಸಿದ್ದೇನೆಂದು ಕೇಳಿದೊಡನೆ, ಕುತ್ತಿಗೆಯ ಹಿಂದೆ ಯಾರಿಗೂ ಕಾಣದ ಕಡೆಯಿಂದ ಒಂದು ಸಣ್ಣ ಎಳೆ ಕತ್ತರಿಸಿಕೊಂಡರು. ಪೆರಾಕ್ಸೈಡಿಗೆ ತುಸು ಅಮೋನಿಯಾ ಬೆರೆಸಿದ ಗಾಜಿನ ಬಟ್ಟಲಿನಲ್ಲಿ ಅದನ್ನು ಮುಳುಗಿಸಿ ಅರ್ಧ ಗಂಟೆ ಇಟ್ಟು, ಆಗಾಗ ಬಟ್ಟಲಿಗೆ ಬೆರಳು ತಾಗಿಸಿ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದರು. ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ, ನೊರೆಯೆದ್ದು, ಎಳೆ ಮುರಿದುಹೋಗಬಹುದು. ನನ್ನ ಎಳೆಗೆ ಅಂಥದ್ದೇನೂ ಆಗಲಿಲ್ಲ. ಆಮೇಲೆ ಅದೇ ಎಳೆಗೆ ಬ್ಲೀಚ್ ಹಚ್ಚಿ ತೋರಿಸಿದಾಗ ಅದು ಇಟ್ಟಿಗೆ ಕೆಂಪಿಗೆ ತಿರುಗಿ ಅಲ್ಲಿಯೇ ನಿಂತಿತು. ಕಪ್ಪು ಡೈ ಇಳಿಯುವುದು ಕೆಂಪು, ಕಿತ್ತಳೆ, ಹಳದಿ ಎಂಬ ಕ್ರಮದಲ್ಲಿಯೇ. ಬಿಳಿಯ ಹತ್ತಿರ ತರಬೇಕಾದರೆ ಮತ್ತೆ ಮತ್ತೆ ಬ್ಲೀಚ್ ಮಾಡಬೇಕು, ಅಷ್ಟನ್ನು ಐವತ್ತು ದಾಟಿದ ನನ್ನ ಕೂದಲು ತಾಳುವುದಿಲ್ಲವೆಂದು ಅವರೇ ಬೇಡವೆಂದರು.

ಹಾಗಾಗಿ ನಾವು ಆರಿಸಿಕೊಂಡದ್ದು ಮಧ್ಯದ ದಾರಿ. ಜಡೆಯನ್ನು ಭುಜದವರೆಗೆ ಕತ್ತರಿಸಿದರು. ಹಣೆ, ಕೆನ್ನೆ ಮತ್ತು ಬೈತಲೆಯ ಅಕ್ಕಪಕ್ಕದಲ್ಲಿ ಮಾತ್ರ ದಾರದಷ್ಟು ತೆಳ್ಳನೆಯ ಎಳೆಗಳನ್ನು ಫಾಯಿಲ್‌ನಲ್ಲಿ ಸುತ್ತಿ ತಿಳಿಗೊಳಿಸಿ, ಬೂದಿ ಛಾಯೆಯ ಟೋನರ್ (ತಿಳಿಗೊಳಿಸಿದ ಕೂದಲಿನ ಛಾಯೆ ಹೊಂದಿಸುವ ತಾತ್ಕಾಲಿಕ ಬಣ್ಣ) ಹಚ್ಚಿದರು. ಬುಡದ ಬಿಳಿ ಮತ್ತು ತುದಿಯ ಕಪ್ಪು ಸೇರುವ ಕಡೆ ಎದ್ದು ಕಾಣುವ ಗೆರೆಯೇ ಹೆಂಗಸರನ್ನು ಮತ್ತೆ ಡೈ ಡಬ್ಬಿಯ ಕಡೆ ಓಡಿಸುವುದು. ಆ ಗೆರೆ ನನ್ನ ತಲೆಯಲ್ಲಿ ಕರಗಿಹೋಯಿತು. ಟೋನರ್ ಕೆಲವು ವಾರಗಳಲ್ಲಿ ತೊಳೆದುಹೋಗುತ್ತದೆಂದು ಅವರು ಮೊದಲೇ ತಿಳಿಸಿದ್ದರು. ಆಮೇಲಿನ ಭೇಟಿಗಳಲ್ಲಿ ಹೆಚ್ಚಿನದೇನೂ ಇರಲಿಲ್ಲ, ತುದಿ ಕತ್ತರಿಸುವುದಷ್ಟೇ. ಮದುವೆ ಮನೆಯೊಂದರಲ್ಲಿ ನಮ್ಮ ಅತ್ತಿಗೆ, “ಏನೇ, ಇದನ್ನೂ ಪಾರ್ಲರಿನಲ್ಲೇ ಮಾಡಿಸಿದ್ಯಾ?” ಎಂದು ಕೂದಲನ್ನು ಕೈಯಲ್ಲಿ ಹಿಡಿದು ನೋಡಿದರು.

ಮನೆಯ ಆರೈಕೆಯ ಬಗ್ಗೆ ಅವರು ಕೊಟ್ಟ ಸಲಹೆಗಳೂ ಈ ಊರಿಗೆ ತಕ್ಕವು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಸಿಗದ ದಿನಗಳಲ್ಲಿ ನಮ್ಮಲ್ಲಿ ಅನೇಕರಿಗೆ ಗತಿ ಕೊಳವೆಬಾವಿಯ ಗಡಸು ನೀರು. ಅದರ ಖನಿಜಗಳು ಬಿಳಿಗೂದಲಿಗೆ ಹತ್ತಿ ಹಳದಿ ಛಾಯೆ ಬರಿಸಬಹುದಾದ್ದರಿಂದ, ಕೊನೆಯ ತಂಬಿಗೆಗಳಿಗಾದರೂ ಮೃದು ನೀರು ಇಟ್ಟುಕೊಳ್ಳಲು ಹೇಳಿದರು. ಹಳದಿಯನ್ನು ತಗ್ಗಿಸುವ ನೇರಳೆ ಶಾಂಪೂವನ್ನು ವಾರಕ್ಕೊಮ್ಮೆ ಮಾತ್ರ ಬಳಸಬೇಕು, ಅತಿಯಾದರೆ ಕೂದಲೇ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬೆರೆಸಿದ ಸುಗಂಧದ ಎಣ್ಣೆಗಳ ಬದಲು ನಮ್ಮ ತಿಪಟೂರಿನ ಕೊಬ್ಬರಿಯ ಗಾಣದ ಎಣ್ಣೆ ಸಾಕೆಂದರು. ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ.

ಅಲ್ಲಿ ಡೈ ಹಚ್ಚಿಸಿಕೊಳ್ಳಲು ಬರುವವರೂ ಇದ್ದಾರೆ, ಅವರನ್ನು ಯಾರೂ ಹೀಗಳೆಯುವುದಿಲ್ಲ. ಆದರೆ ಹೊಸಬರಿಗೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ, 48 ಗಂಟೆ ಕಾದು, ತುರಿಕೆ ಅಥವಾ ಊತ ಇಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಕೆಲಸ. ಮರುದಿನವೇ ನಾಮಕರಣವೆಂದು ಅವಸರ ಮಾಡಿದ ಒಬ್ಬರನ್ನು ನನ್ನೆದುರೇ ವಾಪಸ್ ಕಳುಹಿಸಿದರು. ಪಿಪಿಡಿಯ ಅಲರ್ಜಿ ಮುಖವೇ ಊದಿಕೊಳ್ಳುವಷ್ಟು ತೀವ್ರವಾಗಬಲ್ಲದು; ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಅದು 2%ಗಿಂತ ಹೆಚ್ಚಿರಕೂಡದೆಂಬ ನಿಯಮವೇ ಇದೆ. ಗಿಡದ ಎಲೆಯ ಶುದ್ಧ ಗೋರಂಟಿ ಕೂದಲಿಗೆ ಕೊಡುವುದು ಕೆಂಗಂದು ಬಣ್ಣವನ್ನು ಮಾತ್ರ. ಆದ್ದರಿಂದ ಮೆಹಂದಿಯೆಂದು ಹೇಳಿ ಕಡುಕಪ್ಪು ಬರಿಸುವ ಪುಡಿಯ ಪೊಟ್ಟಣದ ಹಿಂಬದಿಯನ್ನು ಓದಲೇಬೇಕು.

ಕೊರತೆಗಳೂ ಇವೆ. ದರಪಟ್ಟಿಯನ್ನು ಗೋಡೆಗೆ ಹಾಕಿಲ್ಲ, ಕೇಳಿಯೇ ತಿಳಿಯಬೇಕು. ಎಳೆ ತಿಳಿಗೊಳಿಸುವ ಕೆಲಸಕ್ಕೆ ನಾನು ಕೊಟ್ಟದ್ದು ಮೂರು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಬೆಂಗಳೂರಿನ ಲೆಕ್ಕದಲ್ಲಿ ಕಡಿಮೆಯಾದರೂ ನಮ್ಮೂರಿಗೆ ಅದು ಸಣ್ಣ ಮೊತ್ತವಲ್ಲ. ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರಿಗೆ ಕಷ್ಟ. ಮದುವೆಯ ಸೀಸನ್ನಿನಲ್ಲಿ ಫೋನ್ ಮಾಡಿ ಸಮಯ ಪಡೆದಿದ್ದರೂ ಮದುವಣಗಿತ್ತಿಯರ ಮೇಕಪ್ ಮುಗಿಯುವವರೆಗೆ ಕೂರಿಸುತ್ತಾರೆ. ವಯಸ್ಸಾದ ಗ್ರಾಹಕರ ವಿಷಯದಲ್ಲಾದರೂ ಇದನ್ನು ಅವರು ತಿದ್ದಿಕೊಳ್ಳಲೇಬೇಕು.

ಮಂಗಳವಾರ ಕೂದಲು ಕತ್ತರಿಸಬಾರದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿರುವುದರಿಂದ ಅಂದು ಬೆಳಗ್ಗೆ ಅಲ್ಲಿ ಜನ ಕಡಿಮೆ. ಆ ನಂಬಿಕೆ ಇಟ್ಟುಕೊಳ್ಳದವರು ಅಂದೇ ಹೋಗುವುದು ಒಳ್ಳೆಯದು. ಹೋಗುವಾಗ ಈವರೆಗೆ ಬಳಸಿದ ಡೈ, ಮೆಹಂದಿಗಳ ಖಾಲಿ ಪೊಟ್ಟಣಗಳು ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ ತೋರಿಸಿ.