ದೇವರಕಾಡಿನ ಬಗ್ಗೆ ಬರೆದವರು ಯಾರು? ಮೂರು ದಾರಿಗಳಲ್ಲಿ ಹುಡುಕಿದ ಅನುಭವ

ನಮ್ಮ ವಿರಾಜಪೇಟೆಯ ವಿದ್ಯಾರ್ಥಿಗಳು ಈ ವರ್ಷ ಕೊಡಗಿನ ದೇವರಕಾಡುಗಳ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದಾರೆ. ಯಾವ ಲೇಖನವನ್ನು ಉಲ್ಲೇಖಿಸುವ ಮೊದಲೂ ಬರೆದವರು ಯಾರು, ಅವರು ಆ ಕಾಡಿಗೆ ಕಾಲಿಟ್ಟಿದ್ದಾರೆಯೇ ಎಂದು ವಿಚಾರಿಸಿ ಎಂದು ಹೇಳಿದವನು ನಾನು. ಹೇಳಿದ ಮೇಲೆ ನಾನೇ ಮಾಡಿ ನೋಡಬೇಕಲ್ಲ? ಒಬ್ಬ ಲೇಖಕರನ್ನು ಆರಿಸಿಕೊಂಡು ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್, ಸಂಶೋಧಕರ ಗುರುತಿನ ತಾಣ ಆರ್ಕಿಡ್ (ORCID), ಪ್ರಬಂಧಗಳ ಭಂಡಾರ ಶೋಧಗಂಗಾ ಮೂರರಲ್ಲೂ ಹುಡುಕಿದೆ.

ಮೊದಲ ತೊಡಕು ಹೆಸರಿನದು. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಕೆ. ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊನೆಯ ಪದವೇ ಕುಲನಾಮ ಎಂದುಕೊಳ್ಳುವ ಲೇಖನ ಸೂಚಿಗಳಲ್ಲಿ ಇದು ತಲೆಕೆಳಗಾಗುತ್ತದೆ. ನಾನು ಹುಡುಕಿದವರು ಮೂರು ಲೇಖನಗಳಲ್ಲಿ ಮೂರು ರೂಪದಲ್ಲಿ ಸಿಕ್ಕರು.

ವೇಗಕ್ಕೆ ಗೂಗಲ್ ಸ್ಕಾಲರ್‌ಗೆ ಸಾಟಿಯಿಲ್ಲ. ಆದರೆ ಅಲ್ಲಿನ ಪರಿಚಯ ಪುಟವನ್ನು ಲೇಖಕರೇ ತೆರೆಯುತ್ತಾರೆ. ದೃಢೀಕರಿಸಿದ ಇಮೇಲ್ ಎಂಬ ಸಾಲು ಆ ಸಂಸ್ಥೆಯ ವಿಳಾಸ ಅವರಿಗಿದೆ ಎಂದಷ್ಟೇ ತಿಳಿಸುತ್ತದೆ, ಪದವಿಯನ್ನಲ್ಲ. ಉಲ್ಲೇಖಗಳ ಸಂಖ್ಯೆ ನೋಡಿ ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಖಂಡಿಸಿ ಬರೆದವರ ಉಲ್ಲೇಖವೂ ಅದರಲ್ಲಿ ಸೇರಿರುತ್ತದೆ.

2012ರಲ್ಲಿ ಆರಂಭವಾದ ಆರ್ಕಿಡ್ ಸಂಶೋಧಕರಿಗೆ 16 ಅಂಕಿಗಳ ಗುರುತಿನ ಸಂಖ್ಯೆ ಕೊಡುತ್ತದೆ. ಹೆಸರು ಹೇಗೆ ತಿರುಗಿದರೂ ಸಂಖ್ಯೆ ಬದಲಾಗುವುದಿಲ್ಲ, ನಮ್ಮ ಕಡೆಯವರಿಗೆ ಇದು ದೊಡ್ಡ ಉಪಕಾರ. ವಿದ್ಯಾಭ್ಯಾಸ, ಉದ್ಯೋಗದ ವಿವರಗಳನ್ನು ಮಾತ್ರ ಯಾರು ಸೇರಿಸಿದ್ದಾರೆ ಎಂದು ನೋಡಬೇಕು. ಸಂಸ್ಥೆಯೇ ಸೇರಿಸಿದ್ದರೆ ತೂಕ ಹೆಚ್ಚು. ನಮ್ಮ ಲೇಖಕರ ಪುಟದಲ್ಲಿ ಹೆಸರು ಬಿಟ್ಟರೆ ಏನೂ ಇರಲಿಲ್ಲ.

ನನ್ನ ಮನಸ್ಸು ಗೆದ್ದದ್ದು ಶೋಧಗಂಗಾ. ಗುಜರಾತಿನ ಗಾಂಧಿನಗರದಲ್ಲಿರುವ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿವೆ. ಮಾರ್ಗದರ್ಶಕರ ಹೆಸರು, ವಿಶ್ವವಿದ್ಯಾಲಯ, ವರ್ಷ ಎಲ್ಲವೂ ಮೊದಲ ಪುಟಗಳಲ್ಲೇ ಸಿಕ್ಕವು. ನಾನು ಹೆಚ್ಚು ಹೊತ್ತು ಓದಿದ್ದು ಕೃತಜ್ಞತೆಯ ಪುಟವನ್ನು. ಮೂರು ಊರುಗಳ ತಕ್ಕರಿಗೆ, ಅಂದರೆ ಊರ ಮುಖ್ಯಸ್ಥರಿಗೆ, ಹೆಸರು ಹಿಡಿದು ವಂದಿಸಿದ್ದರು, ಕತ್ತಿ ಹಿಡಿದು ದಾರಿ ಬಿಡಿಸಿಕೊಟ್ಟವರನ್ನೂ ಮರೆತಿರಲಿಲ್ಲ. ಅನುಬಂಧದಲ್ಲಿ ಮರಗಳ ಪಟ್ಟಿ, ಪಕ್ಕದಲ್ಲಿ ಎಣಿಸಿದ ದಿನಾಂಕ. ಅದನ್ನು ತರಗತಿಯಲ್ಲಿ ಓದುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಇವರು ನಮ್ಮ ಅಜ್ಜಿಯ ಮನೆಯಲ್ಲಿ ಉಳಿದುಕೊಂಡು ಕೆಲಸ ಮಾಡಿದವರು” ಎಂದಳು. ಇಷ್ಟು ಗಟ್ಟಿ ಸಾಕ್ಷಿ ಉಳಿದ ಎರಡು ಕಡೆ ನನಗೆ ಸಿಕ್ಕಿರಲಿಲ್ಲ.

ವಿದೇಶದಲ್ಲಿ ಪದವಿ ಪಡೆದವರಿಗೆ, ಹಳಬರಿಗೆ ಈ ದಾರಿ ಸಾಲದು. ಕೊಡವರ ಧರ್ಮ ಮತ್ತು ಸಮಾಜದ ಕುರಿತ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಪುಸ್ತಕ ಬಂದದ್ದು 1952ರಲ್ಲಿ. ಅವರು ತೀರಿಕೊಂಡದ್ದು 1999ರಲ್ಲಿ, ಆರ್ಕಿಡ್ ಹುಟ್ಟುವ ಮೊದಲೇ. ಅಂಥವರಿಗೆ ಗ್ರಂಥಾಲಯಕ್ಕೇ ಹೋಗಿ ಪುಸ್ತಕದ ಮುನ್ನುಡಿ ತೆರೆಯುವಂತೆ ಹೇಳುತ್ತೇನೆ. ಶ್ರೀನಿವಾಸರ ಪುಸ್ತಕಕ್ಕೆ ಮುನ್ನುಡಿ ಬರೆದವರು ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಗುರುವಾಗಿದ್ದ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್.