ಮೊದಲು ಕಂಪ್ಯೂಟರೋ, ಬಿಳಿಕೋಲೋ?

ದೃಷ್ಟಿದೋಷವುಳ್ಳ ಯುವಜನರ ಉದ್ಯೋಗ ತರಬೇತಿಯಲ್ಲಿ ಎನ್‌ವಿಡಿಎ, ಜಾಸ್‌ನಂತಹ ಪರದೆ ಓದುವ ತಂತ್ರಾಂಶಗಳ ನೆರವಿನಿಂದ, ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಪತ್ರ ಬರೆಯಲು, ಎಕ್ಸೆಲ್ ಬಳಸಲು ಕಲಿಸುತ್ತಾರೆ. ಎನ್‌ವಿಡಿಎ ಉಚಿತವಾದ್ದರಿಂದ ಬಡ ಕುಟುಂಬದವರೂ ಮನೆಯಲ್ಲಿ ಅಭ್ಯಾಸ ಮುಂದುವರಿಸಬಹುದು. ಸ್ವತಂತ್ರ ಜೀವನದ ತರಬೇತಿಯಾದರೋ ಬಿಳಿಕೋಲು ಹಿಡಿದು ರಸ್ತೆ ದಾಟುವುದು, ನೋಟು ಗುರುತಿಸುವುದು, ಒಲೆ ಹಚ್ಚಿ ಅಡುಗೆ ಮಾಡುವುದು ಇಂಥವಕ್ಕೆ ಮೀಸಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಅಂಧರಿಗೆ ಹಾಗೂ ಮಂದದೃಷ್ಟಿಯವರಿಗೆ ಕನಿಷ್ಠ ಶೇ. 1ರಷ್ಟು ಮೀಸಲಾತಿ ನೀಡಿದೆಯಾದರೂ, ಕಚೇರಿಗೆ ಒಬ್ಬರೇ ಹೋಗಿಬರಲಾಗದಿದ್ದರೆ ಸಿಕ್ಕ ಕೆಲಸವನ್ನು ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ, ಮನೆಯವರ ಕೈಹಿಡಿದೇ ಬೆಳೆದವರು ಮತ್ತು ಇತ್ತೀಚೆಗೆ ದೃಷ್ಟಿ ಕಳೆದುಕೊಂಡವರು ಮೊದಲು ಸ್ವತಂತ್ರ ಜೀವನದ ತರಬೇತಿಯನ್ನೇ ಆರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ; ಹೆಣ್ಣುಮಕ್ಕಳ ಹೆತ್ತವರು ಭಯದಿಂದ ಇದನ್ನು ಮುಂದೂಡದಿರಲಿ. ಈಗಾಗಲೇ ಒಂಟಿಯಾಗಿ ಬಸ್ಸಿನಲ್ಲಿ ಓಡಾಡುವವರು ನೇರವಾಗಿ ಕಂಪ್ಯೂಟರ್ ತರಬೇತಿಗೆ ಸೇರಬಹುದು.