ಬೋರಾ ಬಜಾರಿನ ಹಳೇ ಕ್ಯಾಮೆರಾ ಅಂಗಡಿ: ಮೂರು ಮಳೆಗಾಲ ಕಳೆದ ಮೇಲೆ

2022ರ ಫೆಬ್ರವರಿಯಲ್ಲಿ ಮುಂಬೈ ಫೋರ್ಟಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಿಕಾನ್ ಡಿ750 ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಕೊಂಡೆ. ಆಮೇಲೆ ಅಲ್ಲೇ ಎರಡು ಲೆನ್ಸ್ ತಗೊಂಡೆ. ಇನ್ನೊಂದು ಲೆನ್ಸ್ ಕೊಂಡು ವಾಪಸ್ ಕೊಟ್ಟೆ. ವಾಪಸ್ ಕೊಡುವಾಗ ಏನಾಯಿತು ಅನ್ನುವುದನ್ನು ಹೇಳಲೆಂದೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಬೋರಾ ಬಜಾರ್ ಕಡೆ ಇಂಥ ಅಂಗಡಿಗಳು ಹಲವು ಇವೆ. ಯಾವುದಕ್ಕೆ ಹೋದರೂ ನೋಡಬೇಕಾದ್ದು ಇಲ್ಲಿ ಹೇಳುವುದನ್ನೇ.

ನಾನಿರುವುದು ಡೊಂಬಿವಲಿಯಲ್ಲಿ, ಆಫೀಸು ಫೋರ್ಟಿನಲ್ಲಿ. ಊರು ಕುಂದಾಪುರದ ಹತ್ತಿರ. ಫೋಟೋ ತೆಗೆಯುವುದು ಯಕ್ಷಗಾನಕ್ಕಾಗಿ, ಬೇರೆ ಯಾವ ಉದ್ದೇಶವೂ ಇಲ್ಲ. ಊರಲ್ಲಿ ಮೇಳಗಳ ತಿರುಗಾಟ ಮೇ ಕೊನೆಗೆ ಮುಗಿಯುತ್ತದೆ. ಆಮೇಲೆ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಎಲ್ಲಿ ಆಟ (ಯಕ್ಷಗಾನ ಪ್ರದರ್ಶನ) ಇದ್ದರೂ ಹೋಗುತ್ತೇನೆ. ಅಂದರೆ ನನ್ನ ಕ್ಯಾಮೆರಾಕ್ಕೆ ಜಾಸ್ತಿ ಕೆಲಸ ಇರುವುದು ಜುಲೈ, ಆಗಸ್ಟ್‌ನಲ್ಲಿ. ಮುಂಬೈಯ ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುವ ತಿಂಗಳುಗಳು ಅವು. ಲೆನ್ಸಿಗೆ ಫಂಗಸ್ ಹಿಡಿಯುವ ಕಾಲವೂ ಅದೇ.

ಮೊದಲು ಬಾಡಿ ವಿಷಯ. ಡಿ750 ಬಂದದ್ದು 2014ರಲ್ಲಿ. ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್. ಇಷ್ಟು ಹಳೆಯ ಮಾಡೆಲ್ ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದಳು. ಕಾರಣ ಎರಡು. ನಿಕಾನ್ 2018ರಲ್ಲಿ ಝಡ್ ಸರಣಿಯ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ತಂದಿತು. ಅದಾದ ಮೇಲೆ ಜನ ಹಳೆಯ ಎಫ್ ಮೌಂಟಿನ (ಲೆನ್ಸ್ ಕೂರುವ ಜಾಗದ ಹಳೆಯ ಮಾದರಿ) ಬಾಡಿ, ಲೆನ್ಸ್ ಮಾರಲು ಶುರು ಮಾಡಿದರು. ಬೆಲೆ ಇಳಿಯಿತು. ಎರಡನೆಯದು, ಡಿ750 ಬಾಡಿಯೊಳಗೆ ಫೋಕಸ್ ಮೋಟಾರ್ ಇದೆ. ಹೆಚ್ಚಿನ ಹಳೆಯ ‘ಡಿ’ ಲೆನ್ಸ್‌ಗಳಲ್ಲಿ ಮೋಟಾರ್ ಇರುವುದಿಲ್ಲ, ಬಾಡಿಯೇ ಸ್ಕ್ರೂ ತಿರುಗಿಸಿ ಫೋಕಸ್ ಮಾಡಬೇಕು. ಡಿ5600 ತರಹದ ಬಾಡಿಗೆ ಇವನ್ನು ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಝಡ್ ಕ್ಯಾಮೆರಾಕ್ಕೆ ನಿಕಾನಿನದೇ ಅಡಾಪ್ಟರ್ ಹಾಕಿದರೂ ಅಷ್ಟೇ. ಅಗ್ಗಕ್ಕೆ ಸಿಕ್ಕಿತು ಅಂತ ಡಿ ಲೆನ್ಸ್ ಕೊಂಡು, ಮನೆಗೆ ಬಂದ ಮೇಲೆ ಇದು ಗೊತ್ತಾಗಿ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ನಿಮ್ಮ ಬಾಡಿ ಯಾವುದು ಅಂತ ಅಂಗಡಿಯವರಿಗೆ ಮೊದಲೇ ಹೇಳಿ.

ಅಂಗಡಿಯ ಯಜಮಾನರಿಗೆ ಅರವತ್ತು ದಾಟಿದೆ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಡಿ750 ಕೇಳಿದಾಗ ಮೂರು ಬಾಡಿ ಮುಂದಿಟ್ಟರು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿತ್ತು, ಶಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಎಷ್ಟು ಫೋಟೋ ತೆಗೆದಿದೆ ಅಂತ. ಚೀಟಿ ನಂಬಬೇಡಿ, ನೀವೇ ನೋಡಿಕೊಳ್ಳಿ ಅಂತ ಅವರೇ ಹೇಳಿದರು. ನಿಕಾನಿನಲ್ಲಿ ಇದು ಸುಲಭ. ಒಂದು ಫೋಟೋ ತೆಗೆದು ಅದರ ಎಕ್ಸಿಫ್ ಮಾಹಿತಿ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ತೆರೆದರೆ ಎಣಿಕೆ ಕಾಣುತ್ತದೆ. ನಾನು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. 38,400 ಇತ್ತು, ಚೀಟಿಯಲ್ಲಿದ್ದಷ್ಟೇ. ಈ ಮಾಡೆಲಿನ ಶಟರ್ 1,50,000 ಸಲಕ್ಕೆ ಪರೀಕ್ಷೆಯಾದದ್ದು. ಕ್ಯಾನನ್ನಿನ ಹಲವು ಮಾಡೆಲ್‌ಗಳಲ್ಲಿ ಹೀಗೆ ಫೋಟೋದಿಂದ ಎಣಿಕೆ ಸಿಗುವುದಿಲ್ಲ.

ಡಿ750 ಕೊಳ್ಳುವವರು ಇನ್ನೂ ಒಂದು ನೋಡಬೇಕು. ಶಟರ್ ಸರಿಯಾಗಿ ಕೆಲಸ ಮಾಡದೆ ಫೋಟೋದ ಒಂದು ಭಾಗದಲ್ಲಿ ನೆರಳು ಬೀಳಬಹುದು ಅಂತ ನಿಕಾನ್ 2015ರಲ್ಲಿ ಕೆಲವು ಡಿ750ಗಳನ್ನು ಉಚಿತ ರಿಪೇರಿಗೆ ಕರೆದಿತ್ತು. ಆಮೇಲೆ ಆ ಪಟ್ಟಿಗೆ ಇನ್ನಷ್ಟು ಸೀರಿಯಲ್ ನಂಬರ್ ಸೇರಿಸಿತು. ಕಾಕಾ ಇದನ್ನು ನಾನು ಕೇಳುವ ಮೊದಲೇ ಹೇಳಿದರು, ಶಟರ್ ಬದಲಾದ ಸರ್ವಿಸ್ ಚೀಟಿಯನ್ನೂ ತೋರಿಸಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗ.

ಬೆಲೆ ₹54,000. ನೇರವಾಗಿ ಮಾರುವವರಲ್ಲಿ ಅದೇ ಸ್ಥಿತಿಯದ್ದು ಐದಾರು ಸಾವಿರ ಕಮ್ಮಿಗೆ ಸಿಗುತ್ತಿತ್ತು. ಹೆಚ್ಚು ಕೊಟ್ಟದ್ದಕ್ಕೆ ನನಗೆ ಸಿಕ್ಕಿದ್ದು ಸೀರಿಯಲ್ ನಂಬರ್ ಬರೆದ ಬಿಲ್ಲು, 15 ದಿನದ ಪರೀಕ್ಷೆ ಸಮಯ, ಕಳ್ಳಮಾಲಲ್ಲ ಅನ್ನುವ ಧೈರ್ಯ. ಮಾರಲು ಬಂದವರ ಆಧಾರ್ ಪ್ರತಿ ಇಟ್ಟುಕೊಳ್ಳದೆ ಆ ಅಂಗಡಿಯಲ್ಲಿ ಏನನ್ನೂ ಕೊಳ್ಳುವುದಿಲ್ಲ. ಇದನ್ನು ನಾನೇ ಕೂತು ನೋಡಿದ್ದೇನೆ. ಬ್ಯಾಟರಿ ವಿಷಯದಲ್ಲಿ ಮಾತ್ರ ಒಂದು ಸಣ್ಣ ತಕರಾರಾಯಿತು. ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, ನನಗೆ ಕೊಟ್ಟದ್ದು 3ರಲ್ಲಿತ್ತು. ಹೇಳಿದೆ, ಬದಲಿಸಿ 1ರದ್ದು ಕೊಟ್ಟರು.

ಮುಂದಿನ ವಾರ 85 ಎಂಎಂ ಎಫ್ 1.8ಡಿ ತಗೊಂಡೆ, ₹15,500ಕ್ಕೆ. ಎಫ್ ಅಂಕಿ ಕಮ್ಮಿಯಾದಷ್ಟು ಲೆನ್ಸಿನೊಳಗೆ ಬೆಳಕು ಜಾಸ್ತಿ ಬರುತ್ತದೆ. ಈ ಲೆನ್ಸಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಆಟ ಶುರುವಾಗುವ ಮೊದಲು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕಲಾವಿದರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಬೆಳಕು ಅಂದರೆ ಒಂದು ಬಲ್ಬು. ಅಲ್ಲಿ ಫ್ಲ್ಯಾಶ್ ಹಾಕುವುದು ಸರಿಯಲ್ಲ, ಅವರ ಗಮನ ಕೆಡುತ್ತದೆ. ಎಫ್ 2ಕ್ಕೆ ಇಟ್ಟು ದೂರದಿಂದ ತೆಗೆದರೆ ಹುಬ್ಬಿನ ಗೆರೆ ಎಳೆಯುವ ಕಡ್ಡಿಯ ತುದಿ, ಕಣ್ಣಿನಂಚಿನ ಕೆಂಪು, ಎಲ್ಲ ಸ್ಪಷ್ಟ. ಹಿಂದಿನ ಗೋಡೆ, ಚೀಲ, ನೀರಿನ ಬಾಟ್ಲಿ ಎಲ್ಲ ಕರಗಿ ಹೋಗುತ್ತದೆ. ಮಾಟುಂಗಾದಲ್ಲಿ ಹಾಗೆ ತೆಗೆದ ಒಂದು ಫೋಟೋ ನೋಡಿ ಹಿರಿಯ ಸ್ತ್ರೀವೇಷಧಾರಿಯೊಬ್ಬರು "ಮಾರಾಯ್ರೆ, ನನ್ನ ಮುಖ ನಾನೇ ಇಷ್ಟು ಹತ್ತಿರದಿಂದ ನೋಡಿದ್ದಿಲ್ಲ, ಇದೊಂದು ನನಗೆ ಕಳಿಸಿ" ಅಂದರು. ಕಳಿಸಿದೆ. ಅವರ ಮನೆಯ ಗೋಡೆಯ ಮೇಲಿದೆಯಂತೆ.

ಇನ್ನು ವಾಪಸ್ ಕೊಟ್ಟ ಲೆನ್ಸಿನ ವಿಷಯ.

ರಂಗದ ಮೇಲಿನ ಕುಣಿತಕ್ಕೆ 85 ಸಾಲುವುದಿಲ್ಲ. ಪುಂಡುವೇಷ (ಯುವ ವೀರನ ಪಾತ್ರ) ದಿಗಿಣ (ಗಿರಕಿಯ ಜಿಗಿತ) ಹೊಡೆಯುವಾಗ ಸೆಕೆಂಡಿನ 500ರಲ್ಲೊಂದು ಭಾಗದ ವೇಗ ಬೇಕು, ಉದ್ದದ ಜೂಮ್ ಬೇಕು, ಅದು ಎಫ್ 2.8 ಆಗಿರಬೇಕು. 2023ರ ಜೂನ್ ಕೊನೆಯ ವಾರ ಕಾಕಾ ಅಂಗಡಿಯಲ್ಲಿ ಒಂದು 70-200 ಎಫ್ 2.8 ಬಂತು. ₹46,000. ಆಫೀಸು ಮುಗಿಸಿ ಹೋದಾಗ ಏಳು ಗಂಟೆ ಆಗಿತ್ತು. ಹೊರಗೆ ಜೋರು ಮಳೆ. ಅಂಗಡಿಯ ಬಾಗಿಲಿನ ಶಟರ್ ಅರ್ಧ ಎಳೆದಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ಗಾಜು ನೋಡಿದೆ, ಚೆನ್ನಾಗಿ ಕಂಡಿತು. ನಾಲ್ಕು ಫೋಟೋ ತೆಗೆದೆ, ದುಡ್ಡು ಕೊಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲೋಕಲ್ ಹತ್ತಿದೆ. ಅಂದು ನನ್ನ ಬ್ಯಾಗಿನಲ್ಲಿ ಟಾರ್ಚ್ ಇರಲಿಲ್ಲ.

ಮನೆಯಲ್ಲಿ ದೀಪ ಆರಿಸಿ, ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು, ಅಪರ್ಚರ್ (ಬೆಳಕು ಬರುವ ಕಂಡಿ) ಪೂರ್ತಿ ತೆರೆದು ಓರೆಯಾಗಿ ನೋಡಿದೆ. ಒಳಗಿನ ಒಂದು ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಎಳೆಗಳು. ಧೂಳಾದರೆ ಚುಕ್ಕೆ ಚುಕ್ಕೆಯಾಗಿರುತ್ತದೆ, ಅದರಿಂದ ಫೋಟೋಕ್ಕೆ ಏನೂ ಆಗುವುದಿಲ್ಲ. ಹೇಜ್ ಆದರೆ ಹಾಲಿನ ಪೊರೆಯಂತೆ ಮಸುಕಾಗಿರುತ್ತದೆ. ಇದು ಎರಡೂ ಅಲ್ಲ, ಕವಲೊಡೆದ ಎಳೆ. ಫಂಗಸ್. ಶುರುವಿನಲ್ಲೇ ಸಿಕ್ಕರೆ ಬಿಚ್ಚಿ ಒರೆಸಬಹುದು. ಗಾಜಿನ ಕೋಟಿಂಗನ್ನು ತಿಂದಿದ್ದರೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ಇದರಲ್ಲಿ ಹಿಂಬದಿಯ ಎರಡು ಸ್ಕ್ರೂಗಳ ತಲೆಯೂ ಗೀರಿತ್ತು. ಅಂದರೆ ಯಾರೋ ಮೊದಲೇ ಒಮ್ಮೆ ಬಿಚ್ಚಿದ್ದಾರೆ.

ಮರುದಿನ ಹೋದೆ. ಕಾಕಾ ಇರಲಿಲ್ಲ, ಅವರ ಅಣ್ಣನ ಮಗ ಕೌಂಟರಿನಲ್ಲಿದ್ದ. ರಾತ್ರಿ ಮಳೆಯಲ್ಲಿ ಒಯ್ದಿರಿ, ನಿಮ್ಮ ಮನೆಯಲ್ಲೇ ಹಿಡಿದಿರಬೇಕು ಅಂದ. ಫಂಗಸ್ ಒಂದೇ ರಾತ್ರಿಯಲ್ಲಿ ಹಾಗೆ ಕವಲೊಡೆದು ಬೆಳೆಯುವುದಿಲ್ಲ. ಇದು ಅವನಿಗೂ ಗೊತ್ತಿತ್ತು ಅಲ್ವಾ? ನನಗೆ ತುಂಬ ನೋವಾಯಿತು. ಒಂದು ವರ್ಷದಿಂದ ಕೂಡಿಸಿದ ದುಡ್ಡು ಅದು. ಎರಡು ದಿನ ಬಿಟ್ಟು ಮತ್ತೆ ಹೋದೆ. ಕಾಕಾ ಟಾರ್ಚ್ ಹಿಡಿದು ಒಂದು ನಿಮಿಷ ನೋಡಿದರು. ಏನೂ ಮಾತಾಡದೆ ಲೆನ್ಸನ್ನು ಒಳಗಿಟ್ಟರು. ತಪ್ಪು ನಮ್ಮದು ಅಂದರು. ಆದರೆ ನಗದು ಕೊಡಲು ಒಪ್ಪಲಿಲ್ಲ. ಅಷ್ಟೇ ಬೆಲೆಯ ಬೇರೆ ಮಾಲು ಕೊಡುತ್ತೇನೆ ಅಂತ ಚೀಟಿ ಬರೆದು ಕೊಟ್ಟರು.

ಬಿಲ್ಲಿನಲ್ಲಿ 15 ದಿನದ ಪರೀಕ್ಷೆ ಅಂತ ಇತ್ತು, ದುಡ್ಡು ವಾಪಸ್ ಅಂತ ಎಲ್ಲೂ ಇರಲಿಲ್ಲ. ಕೊಳ್ಳುವ ಮೊದಲು ನಾನು ಕೇಳಬೇಕಿತ್ತು. ಆದರೂ ತಪ್ಪು ತಮ್ಮದು ಅಂತ ಒಪ್ಪಿದ ಮೇಲೆ ದುಡ್ಡು ಕೊಡುವುದು ಅವರ ಕರ್ತವ್ಯ ಅಂತಲೇ ನಾನು ಈಗಲೂ ಹೇಳುತ್ತೇನೆ. ಆ ವರ್ಷದ ಜುಲೈ ಪೂರ್ತಿ ಉದ್ದದ ಲೆನ್ಸ್ ಇಲ್ಲದೆ ಕಳೆಯಿತು. ಮೂರು ಒಳ್ಳೆಯ ಆಟಗಳನ್ನು 85 ಒಂದರಲ್ಲೇ ತೆಗೆದೆ.

ಆಗಸ್ಟ್ ಮೂರನೇ ವಾರ ಕಾಕಾ ಅವರೇ ಫೋನ್ ಮಾಡಿದರು. 80-200 ಎಫ್ 2.8ಡಿ ಬಂದಿದೆ, ಎರಡು ರಿಂಗಿನದ್ದು (ಜೂಮಿಗೆ, ಫೋಕಸಿಗೆ ಬೇರೆ ಬೇರೆ ರಿಂಗ್), ಬೆಳಗ್ಗೆ ಬನ್ನಿ, ಟಾರ್ಚ್ ತನ್ನಿ ಅಂದರು. ಈ ಸಲ ರಜೆ ಹಾಕಿ ಹನ್ನೊಂದು ಗಂಟೆಗೆ ಹೋದೆ. ಒಂದೂವರೆ ತಾಸು ನೋಡಿದೆ. ಗಾಜು ಎರಡೂ ಕಡೆಯಿಂದ. ಅಪರ್ಚರ್ ಎಲೆಗಳಲ್ಲಿ ಎಣ್ಣೆ ಇದೆಯಾ ಅಂತ. ಮುಂದಿನ ಫಿಲ್ಟರ್ ರಿಂಗ್ ತಗ್ಗಿದೆಯಾ, ಅಂದರೆ ಬಿದ್ದ ಗುರುತು. ಮೆಲ್ಲಗೆ ಅಲ್ಲಾಡಿಸಿದಾಗ ಒಳಗೆ ಸದ್ದು ಬರುತ್ತದಾ ಅಂತ. ಆಮೇಲೆ ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಮಧ್ಯದ ಅಂಕಿಗೆ ಫೋಕಸ್ ಮಾಡಿ, 80, 135, 200 ಮೂರರಲ್ಲೂ ತೆಗೆದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದೆ. ಸ್ವಲ್ಪ ಹಿಂದಕ್ಕೆ ಫೋಕಸ್ ಆಗುತ್ತಿತ್ತು. ಡಿ750ಯಲ್ಲಿ ಅದನ್ನು ತಿದ್ದುವ ಎಎಫ್ ಫೈನ್ ಟ್ಯೂನ್ ಇದೆ, ಅಲ್ಲೇ ಸರಿ ಮಾಡಿಕೊಂಡೆ. ಒಬ್ಬರೂ ಬೇಗ ಮುಗಿಸಿ ಅನ್ನಲಿಲ್ಲ. ನಡುವೆ ಚಹಾ ತರಿಸಿದರು.

ಅದರ ಬೆಲೆ ₹34,000. ಉಳಿದ ₹12,000ದಲ್ಲಿ 30 ಲೀಟರಿನ ಡ್ರೈ ಕ್ಯಾಬಿನೆಟ್, ಇನ್ನೊಂದು ಬ್ಯಾಟರಿ ತಗೊಂಡೆ. ಕ್ಯಾಬಿನೆಟ್ಟನ್ನು ತೇವಾಂಶ 45 ಪರ್ಸೆಂಟಿಗೆ ಇಟ್ಟಿದ್ದೇನೆ. ಜುಲೈಯಲ್ಲಿ ಹೊರಗೆ 85, 90 ಇರುತ್ತದೆ. ಮುಂಬೈ, ಗೋವಾ, ಕರಾವಳಿ ಎಲ್ಲೇ ಇರಿ, ಲೆನ್ಸ್ ಕೊಳ್ಳುವಾಗಲೇ ಇದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಷ್ಟು ಆಗದಿದ್ದರೆ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿ ಆದರೆ ಬದಲಿಸಬೇಕು. ಚರ್ಮದ ಚೀಲದಲ್ಲಿ, ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಟ್ಟು ಮಳೆಗಾಲ ಕಳೆಯಬೇಡಿ. ಆ ಬಟ್ಟೆಯೇ ತೇವ ಹೀರಿಕೊಂಡು ಕೂತಿರುತ್ತದೆ.

80-200 ಹೇಗಿದೆ? ಭಾರ ಇದೆ, ಸುಮಾರು 1.3 ಕಿಲೋ. ನಡುಕ ತಡೆಯುವ ವಿಆರ್ ಇಲ್ಲ, ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬೇಕೇ ಬೇಕು. ಫೋಕಸ್ ಆಗುವಾಗ ಗರ್ ಅಂತ ಸದ್ದು. ಭಾಗವತರು ಪದ್ಯವನ್ನು ನಿಧಾನಕ್ಕೆ ಎತ್ತುವಾಗ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಹಾಗಾಗಿ ಆ ಹೊತ್ತಿನಲ್ಲಿ ನಾನು ಫೋಕಸ್ ಮುಟ್ಟುವುದಿಲ್ಲ, ಚಂಡೆ ಶುರುವಾದ ಮೇಲೆ ತೆಗೆಯುತ್ತೇನೆ. ಐಎಸ್‌ಓ 6400ರಲ್ಲಿ, ಅಂದರೆ ಕಮ್ಮಿ ಬೆಳಕಿಗಾಗಿ ಸೆನ್ಸರಿನ ಸೂಕ್ಷ್ಮತೆ ಏರಿಸಿದಾಗಲೂ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಹಾಳಾಗದೆ ಬರುತ್ತದೆ. ಅಷ್ಟು ಸಾಕು ನನಗೆ. ಕೆಲವು ಸಭಾಂಗಣಗಳ ಎಲ್‌ಇಡಿ ದೀಪಗಳಿಗೆ ವೇಗದ ಶಟರ್ ಹಾಕಿದರೆ ಅಡ್ಡ ಪಟ್ಟೆ ಬರುತ್ತದೆ. ಅಲ್ಲಿ 100ರಲ್ಲೊಂದಕ್ಕೆ ಇಳಿಸಿ, ವೇಷ ಒಂದು ಕ್ಷಣ ನಿಲ್ಲುವುದಕ್ಕೆ ಕಾಯಬೇಕು.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೂ ಹಳೇ ಕ್ಯಾಮೆರಾ ಸಿಗುತ್ತವೆ. ಎರಡು ಸಲ ಹೋಗಿದ್ದೇನೆ. ಶೋಕೇಸಿಗೆ ಬೇಕಾದರೆ ಸರಿ, ಕೆಲಸ ಮಾಡುವ ಲೆನ್ಸ್ ಬೇಕು ಅಂದರೆ ಅಲ್ಲಿಗೆ ಹೋಗುವುದು ಬೇಡ.

ಅಂಗಡಿಗೆ ಐದರಲ್ಲಿ ಮೂರೂವರೆ. ಮಾಲಿನ ಮಾಹಿತಿ, ಬಿಲ್ಲು, ನೋಡಲು ಕೊಡುವ ಸಮಯ ಇವಕ್ಕೆ ನಾಲ್ಕೂವರೆ ಕೊಡುತ್ತಿದ್ದೆ. ಕೌಂಟರಿನ ಆ ಹುಡುಗನ ಮಾತಿಗೆ, ನಗದು ಕೊಡದ್ದಕ್ಕೆ ಒಂದು ಕಳೆದೆ. ಮಧ್ಯಾಹ್ನದೊಳಗೆ ಹೋಗಿ, ಕಾಕಾ ಇರುವಾಗ ಹೋಗಿ. ಭಾನುವಾರ ರಜೆ.

ಡಿ750ಯ ಶಟರ್ ಈಗ 71,000ಕ್ಕೆ ಬಂದಿದೆ. ಮೊನ್ನೆ ಸೆನ್ಸರ್ ಕ್ಲೀನ್ ಮಾಡಿಸಲು ಹೋದಾಗ ಕಾಕಾ ₹30,000 ಕೊಡುತ್ತೇನೆ, ಮಿರರ್‌ಲೆಸ್ಸಿಗೆ ಬದಲಿಸಿಕೊಳ್ಳಿ ಅಂದರು. ಬೇಡ ಅಂದೆ. ಜುಲೈ ಮೊದಲ ಭಾನುವಾರ ಕುರ್ಲಾದಲ್ಲಿ ಆಟ ಇದೆ.